ಪ್ರಶ್ನೋತ್ತರ: ತಿದ್ದುವ ಸಲಕರಣೆಯನ್ನೇ ತಿದ್ದಿಕೊಳ್ಳುವುದು

ಬಳಸುವವರೇ ತಮಗೆ ಬೇಕಾದಂತೆ ಬೆಳೆಸಿಕೊಳ್ಳಬಹುದಾದ ಟೆಕ್ಸ್ಟ್ ಎಡಿಟರುಗಳ (ಕಂಪ್ಯೂಟರಿನಲ್ಲಿ ಬರಹವನ್ನೂ ಪ್ರೋಗ್ರಾಮನ್ನೂ ಬರೆದು ತಿದ್ದುವ ತಂತ್ರಾಂಶಗಳ) ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಾಸಂಗಿಕವಾಗಿ ಎರಡು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಆರನ್ನು ಆರಿಸಿ, ಈ ಸಲದ ಅಂಕಣವನ್ನು ಪೂರ್ತಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಎಲ್ಲರೂ ಮೈಕ್ರೋಸಾಫ್ಟಿನ ವಿಎಸ್ ಕೋಡ್ ಎಂಬ ಎಡಿಟರ್ ಬಳಸುತ್ತೇವೆ. ಅದು ಉಚಿತ, ಅದರ ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲಪಠ್ಯ) ಬಹಿರಂಗವಾಗಿದೆ, ಹೊಸ ಸೌಲಭ್ಯ ಸೇರಿಸುವ ಬೇಕಾದ ಎಕ್ಸ್‌ಟೆನ್ಷನ್ ಹಾಕಿಕೊಳ್ಳಲೂ ಬರುತ್ತದೆ. ಆದರೂ ಸೀನಿಯರ್ ಒಬ್ಬರು, "ವಿಸ್ತರಿಸಬಹುದಾದ ಎಡಿಟರ್ ಅಂದರೆ ಈಮ್ಯಾಕ್ಸ್, ಸ್ವತಂತ್ರ ತಂತ್ರಾಂಶ ಅಂದರೂ ಅದೇ, ನಿಮ್ಮದು ಎರಡೂ ಅಲ್ಲ" ಎನ್ನುತ್ತಾರೆ. ಇದು ಬರೀ ಹಟವೋ, ಇದರಲ್ಲಿ ಹುರುಳಿದೆಯೋ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಹುರುಳೂ ಇದೆ, ಹಟವೂ ಇದೆ. ಇಂಗ್ಲಿಷಿನ 'ಫ್ರೀ' ಎಂಬ ಒಂದೇ ಪದದಲ್ಲಿ ದುಡ್ಡು ಕೊಡಬೇಕಿಲ್ಲ ಎಂಬ ಅರ್ಥವೂ ಕಟ್ಟುಪಾಡಿಲ್ಲ ಎಂಬ ಅರ್ಥವೂ ಬೆರೆತುಕೊಂಡು ನಲವತ್ತು ವರ್ಷಗಳಿಂದ ಜಗಳ ನಡೆದಿದೆ. ಕನ್ನಡದಲ್ಲಿ ಉಚಿತ ಬೇರೆ, ಸ್ವತಂತ್ರ ಬೇರೆ, ಆದ್ದರಿಂದ ನಮಗೆ ಆ ನೆಪ ಇಲ್ಲ. ಯಾವ ಕೆಲಸಕ್ಕಾದರೂ ಬಳಸುವ, ಒಳಗಿನದನ್ನು ಓದಿ ಬದಲಿಸುವ, ಪ್ರತಿ ಮಾಡಿ ಹಂಚುವ, ಬದಲಿಸಿದ್ದನ್ನೂ ಹಂಚುವ ಹಕ್ಕು ಬಳಕೆದಾರರಿಗೆ ಇದ್ದರೆ ಅದು ಸ್ವತಂತ್ರ ತಂತ್ರಾಂಶ. ಬೆಲೆಗೂ ಇದಕ್ಕೂ ಸಂಬಂಧವಿಲ್ಲ.

ಈ ಅಳತೆಯಲ್ಲಿ ವಿಎಸ್ ಕೋಡ್ ಅರ್ಧ ಒಳಗೆ, ಅರ್ಧ ಹೊರಗೆ. 2015ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಅದರ ಸೋರ್ಸ್ ಕೋಡನ್ನು ಎಂಐಟಿ ಪರವಾನಗಿಯಡಿ ಪ್ರಕಟಿಸಿತು. ಆ ಕೋಡ್ ನಿಸ್ಸಂದೇಹವಾಗಿ ಸ್ವತಂತ್ರ. ನೀವು ಕಂಪನಿಯ ಜಾಲತಾಣದಿಂದ ಇಳಿಸಿಕೊಳ್ಳುವುದು ಮಾತ್ರ ಅದೇ ಕೋಡಿಗೆ ಕಂಪನಿಯ ಗುರುತನ್ನೂ ಬಳಕೆಯ ಮಾಹಿತಿ ಕಳುಹಿಸುವ ಏರ್ಪಾಡನ್ನೂ ಸೇರಿಸಿ, ಬೇರೆಯೇ ಪರವಾನಗಿ ಅಂಟಿಸಿದ ಪೊಟ್ಟಣ. ಆ ಸೇರ್ಪಡೆಗಳಿಲ್ಲದೆ ಕಟ್ಟಿದ ವಿಎಸ್‌ಕೋಡಿಯಂ ಎಂಬ ರೂಪವೂ ಸಿಗುತ್ತದೆ. ಅದನ್ನು ಹಾಕಿಕೊಂಡವರು ಬೇಗನೆ ಒಂದು ಗೋಡೆಗೆ ಮುಟ್ಟುತ್ತಾರೆ: ಮೈಕ್ರೋಸಾಫ್ಟಿನ ಎಕ್ಸ್‌ಟೆನ್ಷನ್ ಮಾರುಕಟ್ಟೆಯನ್ನು ಮೈಕ್ರೋಸಾಫ್ಟಿನ ಉತ್ಪನ್ನಗಳಿಂದ ಮಾತ್ರ ಬಳಸಬೇಕೆಂದು ಅದರ ಷರತ್ತು ಹೇಳುತ್ತದೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬಹಳ ಮಂದಿ ನೆಚ್ಚಿಕೊಂಡಿರುವ ಪೈಲ್ಯಾನ್ಸ್‌ನಂಥ ಎಕ್ಸ್‌ಟೆನ್ಷನ್ನುಗಳ ಕೋಡ್ ಮುಚ್ಚಿದ್ದು. ಹೀಗಾಗಿ ಎಡಿಟರ್ ತೆರೆದಿದ್ದರೂ ಅದನ್ನು ಉಪಯುಕ್ತವಾಗಿಸುವ ಭಾಗಗಳ ಮೇಲೆ ಬೀಗ ಉಳಿದಿದೆ.

ಇನ್ನು ವಿಸ್ತರಣೆಯ ಮಾತು. ವಿಎಸ್ ಕೋಡಿನಲ್ಲಿ ಎಕ್ಸ್‌ಟೆನ್ಷನ್ನುಗಳು ಪ್ರತ್ಯೇಕ ಪ್ರಕ್ರಿಯೆಯಲ್ಲಿ ಓಡುತ್ತವೆ, ಎಡಿಟರ್ ಮುಂಚಿತವಾಗಿ ಗೊತ್ತುಮಾಡಿದ ಕಿಂಡಿಗಳ ಮೂಲಕವೇ ಅದರೊಡನೆ ಮಾತಾಡುತ್ತವೆ. ಕಿಂಡಿ ಇಲ್ಲದ ಕಡೆ ನೀವು ಎಕ್ಸ್‌ಟೆನ್ಷನ್ ಬರೆದು ಒಳಗೆ ಕೈಹಾಕಲಾರಿರಿ. ಈಮ್ಯಾಕ್ಸಿನ ಕಟ್ಟಡವೇ ಬೇರೆ. ಪರದೆಯ ಮೇಲೆ ಮೂಡಿಸುವುದು, ಸ್ಮೃತಿಯ ನಿರ್ವಹಣೆ, ಲಿಸ್ಪ್ ಭಾಷೆಯನ್ನು ಓಡಿಸುವ ಯಂತ್ರ, ಇಂಥವು ಸಿ ಭಾಷೆಯಲ್ಲಿವೆ. ಅದರ ಮೇಲಿನ ಬಹುಪಾಲು ಎಡಿಟರ್ ಲಿಸ್ಪಿನಲ್ಲೇ ಬರೆದದ್ದು, ಆ ಲಿಸ್ಪ್ ಬಳಕೆದಾರರ ಕೈಯಲ್ಲೂ ಇರುವ ಅದೇ ಲಿಸ್ಪ್. ಒಂದು ಅಕ್ಷರದ ಕೀಲಿ ಒತ್ತಿದರೂ ಅಲ್ಲಿ ಓಡುವುದು ಹೆಸರುಳ್ಳ ಒಂದು ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡು. ಕಂಟ್ರೋಲ್-ಎಚ್ ಒತ್ತಿ, ಬಳಿಕ ಕೆ ಒತ್ತಿ, ಆಮೇಲೆ ಯಾವ ಕೀಲಿ ಒತ್ತಿದರೂ ಅದು ಯಾವ ಫಂಕ್ಷನ್ನನ್ನು ಕರೆಯುತ್ತದೆ, ಆ ಫಂಕ್ಷನ್ ಏನು ಮಾಡುತ್ತದೆ ಎಂಬ ವಿವರಣೆ ಬರುತ್ತದೆ. ಅಲ್ಲಿರುವ ಕೊಂಡಿಯನ್ನು ಹಿಡಿದರೆ ಅದರ ಕೋಡ್ ತೆರೆದುಕೊಳ್ಳುತ್ತದೆ. ಅದು ಲಿಸ್ಪಿನಲ್ಲಿದ್ದರೆ ಅಲ್ಲೇ ಬದಲಿಸಿ, ಎಡಿಟರನ್ನು ಮುಚ್ಚದೆಯೇ, ಬದಲಾದ ನಡತೆಯನ್ನು ಮರುಕ್ಷಣ ನೋಡಬಹುದು. ಪರವಾನಗಿ ಕಾಗದದ ಮೇಲೆ ಕೊಡುವ ಹಕ್ಕನ್ನು ಚಲಾಯಿಸಲು ಬೇಕಾದ ಶ್ರಮವನ್ನು ಈ ಕಟ್ಟಡ ಕಡಿಮೆ ಮಾಡಿದೆ. ನಿಮ್ಮ ಸೀನಿಯರ್ ಇಷ್ಟು ಹೇಳಿದ್ದರೆ ನನ್ನ ತಕರಾರು ಇರಲಿಲ್ಲ.

ಅವರು ಹೇಳದೆ ಬಿಟ್ಟದ್ದು: ಈ ಸಲಿಗೆಗೆ ಬೆಲೆ ಇದೆ. ವಿಎಸ್ ಕೋಡಿನಲ್ಲಿ ಒಂದು ಕೆಟ್ಟ ಎಕ್ಸ್‌ಟೆನ್ಷನ್ ಮುಗ್ಗರಿಸಿದರೆ ಟೈಪಿಂಗ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಈಮ್ಯಾಕ್ಸಿನಲ್ಲಿ ಒಂದು ಕೆಟ್ಟ ಫಂಕ್ಷನ್ ಇಡೀ ಎಡಿಟರನ್ನು ಕಲ್ಲಾಗಿಸಬಲ್ಲದು. ಜೊತೆಗೆ, ಪ್ರೋಗ್ರಾಮಿಂಗ್ ಭಾಷೆಗಳ ತಿಳಿವಳಿಕೆಯನ್ನು ಎಡಿಟರಿನಿಂದ ಬೇರ್ಪಡಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲನ್ನು 2016ರಲ್ಲಿ ತೆರೆದಿಟ್ಟದ್ದು ಮೈಕ್ರೋಸಾಫ್ಟೇ. 2023ರ ಈಮ್ಯಾಕ್ಸ್ 29ರಲ್ಲಿ ಅದನ್ನು ಬಳಸುವ ಎಗ್ಲಾಟ್ ಎಡಿಟರಿನ ಜೊತೆಗೇ ಬರುತ್ತದೆ. ಲ್ಯಾಬಿನಲ್ಲಿ ವಿಎಸ್ ಕೋಡನ್ನೇ ಬಳಸಿ, ತಪ್ಪಿಲ್ಲ; ಹಾಕಿಕೊಂಡ ಪ್ರತಿ ಎಕ್ಸ್‌ಟೆನ್ಷನ್ನಿನ ಪರವಾನಗಿಯನ್ನು ಮಾತ್ರ ಒಮ್ಮೆ ಓದಿ ನೋಡಿ.

ಪ್ರಶ್ನೆ: ಈಮ್ಯಾಕ್ಸ್ ಎಷ್ಟಾದರೂ ಒಂದು ಎಡಿಟರ್. ಸ್ವತಂತ್ರ ತಂತ್ರಾಂಶದ ಇತಿಹಾಸ ಬರೆಯುವವರೆಲ್ಲ ಅದರಿಂದಲೇ ಶುರುಮಾಡುವುದೇಕೆ?
— ಉಪನ್ಯಾಸಕರು, ಮೈಸೂರು

ಉತ್ತರ: ಏಕೆಂದರೆ ಹಂಚಿಕೆಯ ಪ್ರಶ್ನೆ ಅಲ್ಲಿ ಸಿದ್ಧಾಂತವಾಗಿ ಹುಟ್ಟಲಿಲ್ಲ, ಕೆಲಸದ ತೊಡಕಾಗಿ ಹುಟ್ಟಿತು. ಅಮೆರಿಕದ ಎಂಐಟಿಯಲ್ಲಿ 1960ರ ದಶಕದ ಆರಂಭದಿಂದ ಟೆಕೋ ಎಂಬ ಎಡಿಟರ್ ಇತ್ತು. ಡ್ಯಾನ್ ಮರ್ಫಿ ಅದನ್ನು ಬರೆದದ್ದು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿನ ತಪ್ಪು ತಿದ್ದಲು. ಟೆಕೋದ ಆದೇಶಗಳು ನೋಡಲು ಒಗಟಿನಂತಿದ್ದವು, ಆದರೆ ಆದೇಶಗಳನ್ನು ಪೋಣಿಸಿ ಮ್ಯಾಕ್ರೋ ಮಾಡಿಟ್ಟುಕೊಳ್ಳಲು ಬರುತ್ತಿತ್ತು. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಆ ಮ್ಯಾಕ್ರೋಗಳನ್ನು ಕೀಲಿಗಳಿಗೆ ಕಟ್ಟುವ ಸೌಲಭ್ಯ ಸೇರಿಸಿದ ಮೇಲೆ ಪ್ರತಿಯೊಬ್ಬರೂ ತಮ್ಮದೇ ಎಡಿಟರ್ ಕಟ್ಟಿಕೊಳ್ಳತೊಡಗಿದರು. ಪರಿಣಾಮವಾಗಿ, ಒಬ್ಬರ ಟರ್ಮಿನಲ್ ಮುಂದೆ ಇನ್ನೊಬ್ಬರು ಕೂತರೆ ಒಂದು ಸಾಲು ಅಳಿಸಲೂ ಗೊತ್ತಾಗದ ಸ್ಥಿತಿ ಬಂತು. ಈ ಗೊಂದಲವನ್ನು ಒಂದುಗೂಡಿಸುವ ಯತ್ನವನ್ನು ಗೈ ಸ್ಟೀಲ್ ಆರಂಭಿಸಿದರು, ಸ್ಟಾಲ್‌ಮನ್ ಮುಂದುವರಿಸಿದರು. 1976ರಲ್ಲಿ ಮೈದಳೆದ ಆ ಮ್ಯಾಕ್ರೋಗಳ ಸಂಗ್ರಹವೇ ಈಮ್ಯಾಕ್ಸ್.

ಅಂದರೆ ವಿಸ್ತರಿಸುವ ಗುಣ ಒಂದೇ ಇದ್ದರೆ ಊರಿಗೊಂದು ಎಡಿಟರ್ ಆಗುತ್ತದೆ ಎಂಬುದನ್ನು ಅವರು ಮೊದಲೇ ಕಂಡಿದ್ದರು. ಅದಕ್ಕಾಗಿ ಸ್ಟಾಲ್‌ಮನ್ ಒಂದು ಕರಾರು ಇಟ್ಟರು: ಈಮ್ಯಾಕ್ಸನ್ನು ಯಾರು ಬೇಕಾದರೂ ಪಡೆಯಬಹುದು, ಮಾಡಿದ ಸುಧಾರಣೆಗಳನ್ನೆಲ್ಲ ತಮಗೆ ಹಿಂದಿರುಗಿಸಬೇಕು, ತಾವು ಅವನ್ನು ಸೇರಿಸಿ ಎಲ್ಲರಿಗೂ ಹಂಚುತ್ತೇವೆ. ಇದು ಊರಿನ ಮುಯ್ಯಿಯ ಪದ್ಧತಿಯಂತಿತ್ತು. ಮುಯ್ಯಿಯಂತೆಯೇ ಇದಕ್ಕೂ ಕಾನೂನಿನ ಬಲವಿರಲಿಲ್ಲ.

ಆ ಬಲದ ಅಗತ್ಯ ಕಂಡದ್ದು ಮುಂದಿನ ದಶಕದಲ್ಲಿ. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಯಂತ್ರಗಳಿಗಾಗಿ ಸಿ ಭಾಷೆಯಲ್ಲಿ ಈಮ್ಯಾಕ್ಸ್ ಮಾದರಿಯ ಎಡಿಟರನ್ನು 1981ರಲ್ಲಿ ಬರೆದವರು ಜೇಮ್ಸ್ ಗಾಸ್ಲಿಂಗ್, ಮುಂದೆ ಜಾವಾ ಭಾಷೆಯ ಜನಕರಾದವರು. ಮೊದಲು ಸುಲಭವಾಗಿ ಹಂಚಿಕೆಯಾಗುತ್ತಿದ್ದ ಅದನ್ನು ಬಳಿಕ ಯುನಿಪ್ರೆಸ್ ಎಂಬ ಕಂಪನಿಗೆ ಮಾರಲಾಯಿತು. 1983ರ ಸೆಪ್ಟೆಂಬರಿನಲ್ಲಿ, ಯುನಿಕ್ಸಿನಂಥ ಸ್ವತಂತ್ರ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದ್ದ ಸ್ಟಾಲ್‌ಮನ್ ಮರುವರ್ಷ ಗ್ನೂ ಈಮ್ಯಾಕ್ಸ್ ಬರೆಯಲು ಕೂತಾಗ ಗಾಸ್ಲಿಂಗರ ಕೋಡಿನ ಕೆಲವು ಭಾಗ ಬಳಸಿಕೊಂಡರು. ಯುನಿಪ್ರೆಸ್ ಆಕ್ಷೇಪಿಸಿತು, ಸ್ಟಾಲ್‌ಮನ್ ಆ ಭಾಗಗಳನ್ನು ಕಿತ್ತು 1985ರ ಮಧ್ಯದ ಹೊತ್ತಿಗೆ ಹೊಸದಾಗಿ ಬರೆದರು. ಗಾಸ್ಲಿಂಗರ ಎಡಿಟರಿನಲ್ಲಿದ್ದ ಮಾಕ್‌ಲಿಸ್ಪ್ ಹೆಸರಿಗೆ ತಕ್ಕಂತೆ ಲಿಸ್ಪಿನ ಅಣಕವಾಗಿತ್ತು, ಲಿಸ್ಪಿನ ಜೀವಾಳವಾದ ಪಟ್ಟಿಗಳೇ ಇಲ್ಲದ ಲಿಸ್ಪ್. ಗ್ನೂ ಈಮ್ಯಾಕ್ಸಿನಲ್ಲಿ ಅದರ ಜಾಗಕ್ಕೆ ನಿಜವಾದ ಲಿಸ್ಪ್ ಬಂತು. ತಂತ್ರಜ್ಞಾನದ ದೃಷ್ಟಿಯಿಂದ ನೋಡಿದರೆ ಇಂದಿಗೂ ಈಮ್ಯಾಕ್ಸ್ ಬದುಕಿರುವುದಕ್ಕೆ ಕಾರಣ ಆ ಒಂದು ನಿರ್ಧಾರ ಎಂದು ನನಗನ್ನಿಸುತ್ತದೆ.

ಆಗ ಅಂತರಜಾಲ ಎಲ್ಲರ ಕೈಗೆಟುಕುತ್ತಿರಲಿಲ್ಲ. ಸ್ಟಾಲ್‌ಮನ್ ಈಮ್ಯಾಕ್ಸನ್ನು ಟೇಪಿಗೆ ತುಂಬಿಸಿ 150 ಡಾಲರಿಗೆ ಮಾರಿದರು. ಸ್ವತಂತ್ರವಾದದ್ದು ಉಚಿತವಾಗಿರಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಈಮ್ಯಾಕ್ಸಿಗಾಗಿಯೇ ಬರೆದಿದ್ದ ಪರವಾನಗಿಯನ್ನು ಬೇರೆ ತಂತ್ರಾಂಶಗಳಿಗೂ ಹೊಂದುವಂತೆ ಸಾಮಾನ್ಯಗೊಳಿಸಿದಾಗ 1989ರಲ್ಲಿ ಜಿಪಿಎಲ್ ಎಂಬ ಪ್ರಸಿದ್ಧ ಪರವಾನಗಿಯ ಮೊದಲ ಆವೃತ್ತಿ ಹೊರಬಂತು. ಹಳೆಯ ಕರಾರಿಗೂ ಇದಕ್ಕೂ ಒಂದು ವ್ಯತ್ಯಾಸ ಗಮನಿಸಿ: ಸುಧಾರಣೆಯನ್ನು ಯಾರಿಗೂ ಹಿಂದಿರುಗಿಸಬೇಕಿಲ್ಲ, ಆದರೆ ನೀವು ಅದನ್ನು ಯಾರಿಗೆ ಕೊಡುತ್ತೀರೋ ಅವರಿಗೆ ನಿಮಗಿದ್ದ ಹಕ್ಕುಗಳನ್ನೆಲ್ಲ ಕೊಡಬೇಕು. ಆ ಹಕ್ಕು ಸ್ಟಾಲ್‌ಮನ್ನರ ವಿರುದ್ಧವೂ ಚಲಾವಣೆಯಾಯಿತು. 1990ರ ದಶಕದ ಆರಂಭದಲ್ಲಿ ಲೂಸಿಡ್ ಎಂಬ ಕಂಪನಿಯ ಎಂಜಿನಿಯರುಗಳು ಅವರೊಡನೆ ಹೊಂದಿಕೊಳ್ಳಲಾಗದೆ ಬೇರೆ ಕವಲು ಒಡೆದರು, ಅದು ಎಕ್ಸ್‌ಈಮ್ಯಾಕ್ಸ್ ಎಂಬ ಹೆಸರಿನಲ್ಲಿ ಬಹುಕಾಲ ನಡೆಯಿತು. ಹತ್ತಿರದ ಕಾಲದ ನಿದರ್ಶನ ಬೇಕಿದ್ದರೆ ಆಟಂ ಇದೆ. ಗಿಟ್‌ಹಬ್ 2014ರಲ್ಲಿ ತಂದ ಆ ಎಡಿಟರನ್ನು 2022ರ ಡಿಸೆಂಬರಿನಲ್ಲಿ ನಿಲ್ಲಿಸಲಾಯಿತು. ಕೋಡ್ ಸ್ವತಂತ್ರವಾಗಿದ್ದುದರಿಂದ ಅದರ ಬಳಕೆದಾರರೇ ಪಲ್ಸಾರ್ ಎಂಬ ಹೆಸರಿನಲ್ಲಿ ಮುಂದುವರಿಸಿದ್ದಾರೆ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಅಧ್ಯಾಪಕ. ಹಳೆಯ ಲೇಖನಗಳನ್ನು ಕಂಪ್ಯೂಟರಿಗೆ ಏರಿಸಿ ಕರಡು ತಿದ್ದುತ್ತಿರುತ್ತೇನೆ. ಪ್ರೋಗ್ರಾಮಿಂಗ್ ಬಾರದು. ನನ್ನಂಥವನಿಗೆ ಇಂಥ ಎಡಿಟರುಗಳಿಂದ ಉಪಯೋಗವಿದೆಯೇ? ಕನ್ನಡ ಸರಿಯಾಗಿ ಮೂಡುತ್ತದೆಯೇ?
— ಧಾರವಾಡ

ಉತ್ತರ: ಗುರುಗಳೇ, ಬಾರದು ಎಂದು ತೀರ್ಮಾನಿಸುವ ಮೊದಲು ಒಂದು ಪ್ರಸಂಗ ಕೇಳಿ. ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬವರು 1978ರಲ್ಲಿ ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ಈಮ್ಯಾಕ್ಸನ್ನು ಲಿಸ್ಪಿನಲ್ಲಿ ಬರೆದರು. ಅವರ ಕಚೇರಿಯ ಕಾರ್ಯದರ್ಶಿನಿಯರೂ ಅದನ್ನು ಬಳಸತೊಡಗಿದರು. ಎಡಿಟರನ್ನು ತಮಗೆ ಬೇಕಾದಂತೆ ವಿಸ್ತರಿಸುವುದು ಹೇಗೆಂದು ತೋರಿಸುವ ಕೈಪಿಡಿ ಅವರ ಕೈಯಲ್ಲಿತ್ತು, ಆದರೆ ಅದು ಪ್ರೋಗ್ರಾಮಿಂಗ್ ಎಂದು ಆ ಕೈಪಿಡಿ ಎಲ್ಲೂ ಹೇಳಿರಲಿಲ್ಲ. ತಮ್ಮಿಂದ ಪ್ರೋಗ್ರಾಮಿಂಗ್ ಆಗದು ಎಂದು ನಂಬಿದ್ದ ಆ ಹೆಣ್ಣುಮಕ್ಕಳು ಹೆದರಲು ಕಾರಣವೇ ಸಿಗದೆ ಪ್ರೋಗ್ರಾಮ್ ಬರೆದರು. ಸ್ಟಾಲ್‌ಮನ್ ತಮ್ಮ ಭಾಷಣವೊಂದರಲ್ಲಿ ಇದನ್ನು ನೆನೆದಿದ್ದಾರೆ. ಈಮ್ಯಾಕ್ಸಿನ ಪ್ರಸಿದ್ಧ ಆರ್ಗ್ ಮೋಡನ್ನು 2003ರಲ್ಲಿ ಆರಂಭಿಸಿದ ಕಾರ್ಸ್ಟನ್ ಡೊಮಿನಿಕ್ ಕೂಡ ವೃತ್ತಿಯಿಂದ ಖಗೋಳ ವಿಜ್ಞಾನಿ. ತಮ್ಮ ಟಿಪ್ಪಣಿಗಳನ್ನು ಒಪ್ಪವಾಗಿಡಲು ಅದನ್ನು ಬರೆದುಕೊಂಡರು.

ನಿಮ್ಮ ಕರಡಿನ ಕೆಲಸದಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಟೈಪ್ ಮಾಡಿದವರೋ, ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶವೋ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಹಾಕಿಬಿಡುವುದನ್ನು ನೀವು ಕಂಡಿರುತ್ತೀರಿ, ಅಥವಾ ಕಂಡೂ ಕಾಣದಿರುತ್ತೀರಿ, ಏಕೆಂದರೆ "ಸಂತೆ" ಮತ್ತು "ಸ೦ತೆ" ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಯಂತ್ರಕ್ಕೆ ಅವು ಬೇರೆ ಬೇರೆ ಪದ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ, ಅಕಾರಾದಿಯೂ ಕೆಡುತ್ತದೆ. ಈಮ್ಯಾಕ್ಸಿನಲ್ಲಿ ಸಂದೇಹದ ಅಕ್ಷರದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್, ಬಳಿಕ ಸಮಚಿಹ್ನೆ ಒತ್ತಿದರೆ ಅದು ಯುನಿಕೋಡಿನ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಜಾಗತಿಕ ಪದ್ಧತಿಯ) ಯಾವ ಅಕ್ಷರ, ಯಾವ ಯಾವ ಚಿಹ್ನೆಗಳು ಸೇರಿ ಈ ರೂಪವಾಗಿದೆ ಎಂದು ಬಿಡಿಸಿ ಹೇಳುತ್ತದೆ. ಇನ್ನು ತಿದ್ದುವುದಕ್ಕೆ ಲಿಸ್ಪ್ ಬೇಕಾಗಿಲ್ಲ. ಎಫ್3 ಒತ್ತಿ, ಒಂದು ತಪ್ಪನ್ನು ಹುಡುಕಿ ಸರಿಪಡಿಸಿ, ಎಫ್4 ಒತ್ತಿ. ನೀವು ಮಾಡಿದ ಕೈಚಲನೆಯನ್ನು ಎಡಿಟರ್ ಕಲಿತುಕೊಂಡಿರುತ್ತದೆ. ಮುಂದೆ ಎಫ್4 ಒತ್ತಿದಾಗಲೆಲ್ಲ ಮುಂದಿನ ತಪ್ಪಿಗೆ ಅದೇ ಚಿಕಿತ್ಸೆ ನಡೆಯುತ್ತದೆ. ಆದರೆ "೧೦"ರ ಸೊನ್ನೆ ನಿಜವಾದ ಸೊನ್ನೆ, ಅದನ್ನು ಮುಟ್ಟಕೂಡದು. ಹಿಂದಿನ ಚಿಹ್ನೆ ಅಂಕಿಯಾಗಿದ್ದರೆ ಬಿಡು, ಅಕ್ಷರವೋ ಗುಣಿತದ ಚಿಹ್ನೆಯೋ ಆಗಿದ್ದರೆ ತಿದ್ದು ಎಂಬ ನಿಯಮವನ್ನು ಹೇಳಬೇಕೆನ್ನಿಸಿದ ದಿನ ನಾಲ್ಕು ಸಾಲು ಲಿಸ್ಪ್ ಬರೆಯಲು ನಿಮಗೆ ತಾನಾಗಿ ಮನಸ್ಸಾಗುತ್ತದೆ. ವ್ಯಾಕರಣ ಕಲಿಸಿದವರಿಗೆ ಇಂಥ ನಿಯಮ ಹೊಸದಲ್ಲ.

ಕನ್ನಡ ಮೂಡುವ ಬಗ್ಗೆ: ಅನೇಕ ಭಾಷೆಗಳ ಲಿಪಿಗಳನ್ನು ಈಮ್ಯಾಕ್ಸಿಗೆ ತಂದದ್ದು ಜಪಾನಿನ ಹಾಂಡಾ ಕೆನ್‌ಇಚಿ ಮತ್ತು ಸಂಗಡಿಗರು ಬೆಳೆಸಿದ ಮ್ಯೂಲ್ ಎಂಬ ಸೇರ್ಪಡೆ, ಅದು 1997ರ ಈಮ್ಯಾಕ್ಸ್ 20ರಲ್ಲಿ ವಿಲೀನವಾಯಿತು. 2009ರ ಈಮ್ಯಾಕ್ಸ್ 23ರಿಂದ ಒಳಗಿನ ಅಕ್ಷರ ವ್ಯವಸ್ಥೆ ಯುನಿಕೋಡನ್ನು ಆಧರಿಸಿದೆ. 2020ರ ಆವೃತ್ತಿ 27ರಿಂದ ಒತ್ತಕ್ಷರಗಳನ್ನು ಜೋಡಿಸಲು ಹಾರ್ಫ್‌ಬಜ್ ಬಳಕೆಯಾಗುತ್ತಿರುವುದರಿಂದ ಒಳ್ಳೆಯ ಫಾಂಟ್ ಇದ್ದರೆ ಅರ್ಕಾವೊತ್ತಾಗಲಿ ಮೂರಕ್ಷರದ ಸಂಯುಕ್ತವಾಗಲಿ ಕೆಡುವುದಿಲ್ಲ. ಟರ್ಮಿನಲ್ ಕಿಟಕಿಯೊಳಗೆ ಓಡಿಸಿದರೆ ಮಾತ್ರ ಸಾಲುಗಳು ಅಡ್ಡಾದಿಡ್ಡಿಯಾಗಬಹುದು, ಪ್ರತ್ಯೇಕ ಕಿಟಕಿಯಲ್ಲಿ ತೆರೆಯಿರಿ. ಕನ್ನಡ ಟೈಪಿಸಲು ಐಟ್ರಾನ್ಸ್ ಮತ್ತು ಇನ್‌ಸ್ಕ್ರಿಪ್ಟ್ ವಿನ್ಯಾಸಗಳು ಎಡಿಟರಿನಲ್ಲೇ ಇವೆ, ಕಂಟ್ರೋಲ್ ಮತ್ತು ಬ್ಯಾಕ್‌ಸ್ಲ್ಯಾಶ್ ಒತ್ತಿ ಇಂಗ್ಲಿಷಿಗೂ ಕನ್ನಡಕ್ಕೂ ದಾಟಬಹುದು. ನುಡಿಯ ಕೀಲಿಮಣೆಗೆ ಕೈ ಒಗ್ಗಿದವರು ಲಿನಕ್ಸಿನಲ್ಲಿ ಎಂ17ಎನ್ ಎಂಬ ಬಹುಭಾಷಾ ಟೈಪಿಂಗ್ ತಂತ್ರಾಂಶದ ಮೂಲಕ ಸಿಗುವ ಕೆಜಿಪಿ ವಿನ್ಯಾಸ ಬಳಸಲಿ; ಅಂದಹಾಗೆ ಆ ಎಂ17ಎನ್ ಕೂಡ ಹಾಂಡಾ ಅವರ ಬಳಗದ ಕೃತಿಯೇ. ಯುನಿಕೋಡಿಗೆ ಮುಂಚಿನ ನುಡಿ, ಬರಹ ಕಡತಗಳನ್ನು ಮಾತ್ರ ನೇರವಾಗಿ ತೆರೆಯಬೇಡಿ. ಅವುಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡದಂತೆ ಕಾಣಿಸುತ್ತಿದ್ದದ್ದು ಫಾಂಟಿನ ವೇಷ. ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಪ್ರಶ್ನೆ: ಸರ್ವರಿನಲ್ಲಿ ಏನೋ ಮಾಡಹೋದಾಗ ವಿಮ್ ಎಂಬ ಎಡಿಟರ್ ತೆರೆದುಕೊಂಡಿತು. ಹೊರಬರುವುದು ಹೇಗೆ? ಇದನ್ನೂ ಕಲಿಯಬೇಕೇ?
— ಹೊಸಪೇಟೆ

ಉತ್ತರ: ಎಸ್ಕೇಪ್ ಒತ್ತಿ, ಕೋಲನ್ ಹಾಕಿ, ಕ್ಯೂ ಮತ್ತು ಆಶ್ಚರ್ಯಸೂಚಕ ಟೈಪಿಸಿ, ಎಂಟರ್ ಒತ್ತಿ, ಬದಲಾವಣೆ ಉಳಿಸದೆ ಹೊರಬರುತ್ತೀರಿ. ಇಷ್ಟನ್ನಂತೂ ಕಲಿಯಲೇಬೇಕು, ಏಕೆಂದರೆ ಬಹುತೇಕ ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿ 1976ರಲ್ಲಿ ಬಿಲ್ ಜಾಯ್ ಬರೆದ ವಿಐ ಅಥವಾ ಅದರ ವಂಶದ ಎಡಿಟರ್ ಇದ್ದೇ ಇರುತ್ತದೆ. ವಿಮ್ ಆ ವಂಶದ್ದು. ಬ್ರಾಮ್ ಮೂಲೆನಾರ್ 1991ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ಅದನ್ನು ಬಿಡುಗಡೆ ಮಾಡಿದರು, 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಸಲಹಿದರು. ವಿಮ್ ಇಷ್ಟವಾದವರು ಉಗಾಂಡಾದ ಅನಾಥ ಮಕ್ಕಳಿಗೆ ನೆರವಾಗಲಿ ಎಂಬ ಕೋರಿಕೆ ಅದರ ಜೊತೆಗೇ ಬರುತ್ತದೆ. ಅದಕ್ಕೂ ಸ್ವಂತ ಸ್ಕ್ರಿಪ್ಟ್ ಭಾಷೆಯಿದೆ, ಆದರೆ ಆ ಭಾಷೆ ಎಡಿಟರಿಗೆ ಆಮೇಲೆ ಅಂಟಿಸಿದ್ದು, ಓದಲು ಹಿತವಲ್ಲ. ಆ ಅತೃಪ್ತಿಯೂ ಸೇರಿ 2014ರಲ್ಲಿ ನಿಯೋವಿಮ್ ಎಂಬ ಕವಲು ಹುಟ್ಟಿ ಲುವಾ ಭಾಷೆಯನ್ನು ಒಳಗೆ ತಂದುಕೊಂಡಿತು.

ಪ್ರಶ್ನೆ: ಯಾರೋ ಬರೆದ ಎಕ್ಸ್‌ಟೆನ್ಷನ್ನುಗಳನ್ನು ಹಾಕಿಕೊಳ್ಳುವುದು ಅಪಾಯವಲ್ಲವೇ? ಕೋಡ್ ತೆರೆದಿದೆ ಎಂದ ಮಾತ್ರಕ್ಕೆ ಸುರಕ್ಷಿತವೇ?
— ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಅಪಾಯ ಇದೆ, ತೆರೆದಿದ್ದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ. ಈ ಎಡಿಟರುಗಳಲ್ಲಿ ಎಕ್ಸ್‌ಟೆನ್ಷನ್ ಎಂದರೆ ನಿಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಮ್. ನೀವು ಓದಬಲ್ಲ ಕಡತವನ್ನೆಲ್ಲ ಅದೂ ಓದಬಲ್ಲದು. ಎಕ್ಸ್‌ಟೆನ್ಷನ್ ಹಾಕದಿದ್ದರೂ, ಬೇರೆಯವರು ಕೊಟ್ಟ ಕಡತದಿಂದಲೇ ತೊಂದರೆ ಬಂದದ್ದುಂಟು. 2019ರಲ್ಲಿ ವಿಮ್ ಮತ್ತು ನಿಯೋವಿಮ್‌ಗಳಲ್ಲಿ, ಕಡತದ ಒಳಗೆ ಬರೆದಿಟ್ಟ ಒಂದು ಸೂಚನಾ ಸಾಲಿನ ಮೂಲಕ, ಅದನ್ನು ತೆರೆದವರ ಯಂತ್ರದಲ್ಲಿ ಯಾವ ಆದೇಶವನ್ನಾದರೂ ಓಡಿಸಬಹುದಾದ ಲೋಪ ಪತ್ತೆಯಾಯಿತು. 2017ರ ಸೆಪ್ಟೆಂಬರಿನಲ್ಲಿ ಈಮ್ಯಾಕ್ಸ್ 25.3 ತುರ್ತಾಗಿ ಹೊರಬಂದದ್ದೂ ಅಲಂಕೃತ ಪಠ್ಯದ ಕಡತದಲ್ಲಿ ಅಡಗಿಸಿಟ್ಟ ಲಿಸ್ಪ್ ತಾನಾಗಿ ಓಡುತ್ತಿದ್ದ ಕಾರಣದಿಂದ, ಮತ್ತು ಆ ಲೋಪ 1990ರ ದಶಕದ ಆವೃತ್ತಿಯಿಂದಲೂ ಅಲ್ಲೇ ಕೂತಿತ್ತು. ಇಷ್ಟು ವರ್ಷ ಎಲ್ಲರಿಗೂ ತೆರೆದಿದ್ದ ಪುಟವನ್ನು ಆ ಕಣ್ಣಿನಿಂದ ಯಾರೂ ಓದಿರಲಿಲ್ಲ. ಗೊತ್ತಾದ ಮೇಲೆ ತಿದ್ದಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ ಎಂಬುದಷ್ಟೇ ತೆರೆದ ಕೋಡಿನ ಲಾಭ.

ಅಪಾಯಕ್ಕಿಂತ ಹೆಚ್ಚಾಗಿ ಕಾಡುವುದು ಕಿರಿಕಿರಿ. ಲೇಖನ ಒಪ್ಪಿಸಬೇಕಿದ್ದ ಒಂದು ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಈಮ್ಯಾಕ್ಸಿನ ಎಲ್ಲ ಪ್ಯಾಕೇಜುಗಳನ್ನೂ, ಅಂದರೆ ಎಕ್ಸ್‌ಟೆನ್ಷನ್ನುಗಳನ್ನೂ, ಅಪ್‌ಡೇಟ್ ಮಾಡಿ, ಅವುಗಳಲ್ಲೊಂದು ನನ್ನ ಹಳೆಯ ಸೆಟ್ಟಿಂಗ್ ಕಡತದೊಡನೆ ಜಗಳಕ್ಕೆ ಬಿದ್ದು, ಮಧ್ಯಾಹ್ನದವರೆಗೆ ಒಂದಕ್ಷರವೂ ಬರೆಯಲಾಗದೆ ಕೂತಿದ್ದೆ. ಅಂದಿನಿಂದ ಸೆಟ್ಟಿಂಗ್ ಕಡತವನ್ನೂ ಪ್ಯಾಕೇಜುಗಳನ್ನೂ, ಕಡತಗಳ ಹಳೆಯ ಸ್ಥಿತಿಗಳನ್ನು ನೆನಪಿಡುವ ಗಿಟ್‌ನಲ್ಲಿ ಇಡುತ್ತೇನೆ, ಕೆಟ್ಟರೆ ನಿನ್ನೆಯ ಸ್ಥಿತಿಗೆ ಮರಳುತ್ತೇನೆ. ಬ್ಯಾಂಕಿನ ಯಂತ್ರದಲ್ಲಿ ನೀವು ಏನನ್ನೂ ಹಾಕಿಕೊಳ್ಳದಿರುವುದೇ ಲೇಸು. ಮನೆಯ ಯಂತ್ರದಲ್ಲಾದರೆ ಎಡಿಟರಿನ ಜೊತೆಗೇ ಬರುವ ಸೌಲಭ್ಯಗಳಲ್ಲಿ ಕೆಲಸ ಆಗುತ್ತದೆಯೇ ಎಂದು ಮೊದಲು ನೋಡಿ, ಆಗದಿದ್ದರೆ ಮಾತ್ರ ಹೊರಗಿನದಕ್ಕೆ ಕೈಹಾಕಿ.

ಪ್ರಶ್ನೆ: ಈಮ್ಯಾಕ್ಸ್ ಶುರುಮಾಡಿ ಎರಡು ವಾರವಾಯಿತು. ಕಿರುಬೆರಳು ನೋಯುತ್ತಿದೆ. ಬಿಟ್ಟುಬಿಡಲೇ?
— ಕಲಬುರಗಿ

ಉತ್ತರ: ಕಿರುಬೆರಳಿನ ಕೆಲಸ ತಪ್ಪಿಸಿ ನೋಡಿ. ಈಮ್ಯಾಕ್ಸ್ ಬೆಳೆದ ಕಾಲದ ಎಂಐಟಿಯ ಕೀಲಿಮಣೆಗಳಲ್ಲಿ ಕಂಟ್ರೋಲ್ ಕೀಲಿ ಸ್ಪೇಸ್ ಪಟ್ಟಿಯ ಪಕ್ಕದಲ್ಲಿದ್ದು ಹೆಬ್ಬೆರಳಿಗೆ ಸಿಗುತ್ತಿತ್ತು. ಈಗ ಅದು ಮೂಲೆಗೆ ಹೋಗಿದೆ, ಈಮ್ಯಾಕ್ಸಿನ ಸಂಯೋಜನೆಗಳು ಮಾತ್ರ ಹಾಗೇ ಉಳಿದಿವೆ. ಕ್ಯಾಪ್ಸ್ ಲಾಕ್ ಕೀಲಿಯನ್ನು ಕಂಟ್ರೋಲ್ ಆಗಿ ಬದಲಿಸಿಕೊಳ್ಳಿ. ಲಿನಕ್ಸಿನ ಕೀಲಿಮಣೆ ಆಯ್ಕೆಗಳಲ್ಲಿ ಅದು ಸಿದ್ಧವಾಗಿಯೇ ಇರುತ್ತದೆ. ಸಾಲದಿದ್ದರೆ ಈವಿಲ್ ಎಂಬ ಪ್ಯಾಕೇಜ್ ಹಾಕಿ, ಈಮ್ಯಾಕ್ಸಿನೊಳಗೆ ವಿಮ್‌ನ ಕೀಲಿಗಳೇ ಸಿಗುತ್ತವೆ, ಕಂಟ್ರೋಲಿನ ಕೆಲಸ ಬಹಳ ಮಟ್ಟಿಗೆ ತಗ್ಗುತ್ತದೆ. ಎರಡು ವಾರ ಹಾಗೆ ಬಳಸಿದ ಮೇಲೂ ನೋವಿದ್ದರೆ ಕೀಲಿಮಣೆ ಬದಿಗಿಟ್ಟು ವೈದ್ಯರನ್ನು ಕಾಣಿ.